ಮಗಳಿಗೊಂದು ಪತ್ರ: ಚೇಂಜ್ ಅನ್ನುವ ಮಾತು

ಸುಂಟಿಕೊಪ್ಪ

ಪ್ರೀತಿಯ ಪುಟ್ಟಿ,

ಹುತ್ತರಿ ಹಬ್ಬಕ್ಕೆ ನೀನು ಬಂದ ದಿನ ನಿನ್ನಮ್ಮ ಬೆಲ್ಲದ ಕಾಫಿ ಕೊಟ್ಟಳು. "ಬೆಲ್ಲ ಬೇಡಮ್ಮ, ಈಗ ಸಪ್ಪೆ ಕಾಫಿಯೇ ಅಭ್ಯಾಸ ಆಗಿದೆ" ಅಂತ ನೀನು ಹೇಳಿದೆ. ನಾನು ಸುಮ್ನೆ ಇರಬೇಕಿತ್ತು. "ನೀನು ತುಂಬಾ ಚೇಂಜ್ ಆಗಿಬಿಟ್ಟೆ" ಅಂತ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. ನೀನು ಮಾತಾಡದೆ ಲೋಟ ಹಿಡಿದುಕೊಂಡು ಅಂಗಳಕ್ಕೆ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಮಾತನ್ನು ಬೈಗುಳದ ಹಾಗೆ ಆಡಿದೆನಲ್ಲ ಅಂತ ಕೊರಗು ಉಳಿಯಿತು. ವಿಚಿತ್ರ ನೋಡು, ಅಂಗಡಿಯಲ್ಲಿ ದಿನಾ ಅದೇ ಪದ ಕೇಳುತ್ತೇನೆ. "ಅಣ್ಣಾ, ಐನೂರಕ್ಕೆ ಚೇಂಜ್ ಇದೆಯಾ?" ಒಂದೇ ಪದ ಚಿಲ್ಲರೆಗೂ ಆಯಿತು, ಮನುಷ್ಯ ಬದಲಾಗುವುದಕ್ಕೂ ಆಯಿತು. ಹೇಗೆ ಅಂತ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ನಿಘಂಟು ತೆಗೆದು ನೋಡಿದೆ.

ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂದ ಪದ. ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಆಮೇಲೆ ಅವರ ಸಾವಿರಾರು ಪದ ಅಲ್ಲಿ ಮನೆ ಮಾಡಿದವು, ಇದೂ ಅವುಗಳಲ್ಲಿ ಒಂದು. ಫ್ರೆಂಚಿಗೆ ಅದು ಲ್ಯಾಟಿನ್‌ನಿಂದ ಬಂತು. ಅಲ್ಲಿ ಅದು 'ಕಾಂಬಿರೆ', ಆಮೇಲೆ 'ಕಾಂಬಿಯಾರೆ'. ಅರ್ಥ ಏನು ಗೊತ್ತಾ? ವಿನಿಮಯ. ಒಂದು ಕೊಟ್ಟು ಇನ್ನೊಂದು ತಗೊಳ್ಳುವುದು. ಇಟಲಿಯಲ್ಲಿ ಹಣ ಬದಲಾಯಿಸುವ ಅಂಗಡಿಗೆ ಈಗಲೂ 'ಕಾಂಬಿಯೋ' ಅಂತಲೇ ಬೋರ್ಡು. ಎಕ್ಸ್‌ಚೇಂಜ್ ಕೂಡ ಇದೇ ಮನೆಯ ಕೂಸು. ದೊಡ್ಡ ನಾಣ್ಯಕ್ಕೆ ಬದಲಾಗಿ ಕೊಡುವ ಸಣ್ಣ ನಾಣ್ಯಕ್ಕೂ ಅದೇ ಹೆಸರು ಹತ್ತಿತು. ಅಂದರೆ ನನ್ನ ಡ್ರಾಯರಿನ ಅರ್ಥವೇ ಆ ಪದದ ಹಳೇ ಅರ್ಥಕ್ಕೆ ಹತ್ತಿರ. ನಿನ್ನ ಮೇಲೆ ನಾನು ಎಸೆದದ್ದು ಆಮೇಲೆ ಬೆಳೆದ ಅರ್ಥ.

ಅದಕ್ಕೂ ಹಿಂದೆ ಹೋದರೆ, ಲ್ಯಾಟಿನ್ನಿನವರು ಇದನ್ನು ಯುರೋಪಿನ ಹಳೇ ಕೆಲ್ಟಿಕ್ ಜನರಿಂದ ಕಲಿತಿರಬೇಕು ಅಂತ ಪಂಡಿತರ ಊಹೆ. ಆ ಮೂಲಕ್ಕೆ ಬಾಗು, ಡೊಂಕು ಅನ್ನುವ ಅರ್ಥ ಹೇಳುತ್ತಾರೆ. ಐರಿಶ್, ವೆಲ್ಷ್ ಭಾಷೆಗಳಲ್ಲಿ 'ಕಾಮ್' ಅಂದರೆ ಡೊಂಕು. ಕ್ರಿಕೆಟ್‌ನಲ್ಲಿ ಕೇಳುವ ಕ್ಯಾಮರಾನ್ ಅನ್ನುವ ಹೆಸರಿಗೆ ಡೊಂಕು ಮೂಗಿನವನು ಅಂತ, ಕ್ಯಾಂಪ್‌ಬೆಲ್ ಅಂದರೆ ಡೊಂಕು ಬಾಯಿಯವನು ಅಂತ ಅರ್ಥವಂತೆ. ಓದುವಾಗ ನನಗೆ ಕುಶಾಲನಗರ ದಾಟಿ ಆನೆಕಾಡಿನಲ್ಲಿ ಬರುವ ರಸ್ತೆ ನೆನಪಾಯಿತು. ಚಿಕ್ಕವಳಿದ್ದಾಗ ಬಸ್ಸು ತಿರುವಿಗೆ ವಾಲಿದರೆ ನನ್ನ ತೋಳು ಗಟ್ಟಿಯಾಗಿ ಹಿಡಿಯುತ್ತಿದ್ದೆ ನೀನು.

ಆದರೆ ನನ್ನ ನಿದ್ದೆ ಕೆಡಿಸಿದ್ದು ನಮ್ಮದೇ ಪದ, ಪುಟ್ಟಿ. 'ಮಾರು.' ಅಂಗಡಿಯವನು ನಾನು, ಜೀವಮಾನ ಪೂರ್ತಿ ಮಾರಿದ್ದೇನೆ. 'ಮಾರ್ಪಾಡು' ಅಂದರೆ ಬದಲಾವಣೆ. ಎರಡೂ ಅಕ್ಕಪಕ್ಕದಲ್ಲೇ ಇದ್ದರೂ ಒಂದೇ ಬೇರು ಅಂತ ಒಂದು ದಿನವೂ ಹೊಳೆದಿರಲಿಲ್ಲ! ತಮಿಳಲ್ಲಿ, ಮಲಯಾಳದಲ್ಲಿ ಅದೇ ಬೇರಿಗೆ ಬದಲಾಗು ಅಂತಲೇ ಅರ್ಥ. ಮಲಯಾಳದವರು ನೋಟು ಚಾಚಿ "ಮಾಟ್ಟಿ ತರಾಮೋ", ಅಂದರೆ ಬದಲಾಯಿಸಿ ಕೊಡ್ತೀರಾ ಅಂತ ಕೇಳುವುದು ಇದೇ ಮಾತಿನಿಂದ. ಇನ್ನು ನಾವು ದಿನಾ ಹೇಳುವ 'ಬದಲು' ಅರಬ್ಬಿಯ 'ಬದಲ್'. ಅದಕ್ಕೂ ಒಂದರ ಜಾಗಕ್ಕೆ ಇನ್ನೊಂದು ಅಂತಲೇ ಅರ್ಥ. ಲ್ಯಾಟಿನ್, ಅರಬ್ಬಿ, ನಮ್ಮ ದ್ರಾವಿಡ, ಮೂರೂ ಬೇರೆ ಬೇರೆ ಕುಟುಂಬ. ಮೂರಕ್ಕೂ ಬದಲಾಗುವುದು ಅಂದರೆ ಕೊಟ್ಟು ತಗೊಳ್ಳುವುದೇ.

ಬೆಲ್ಲ ಬಿಟ್ಟೆ ಅನ್ನುವುದನ್ನು ಮಾತ್ರ ನಾನು ನೋಡಿದೆ. ಅದಕ್ಕೆ ಪ್ರತಿಯಾಗಿ ನೀನು ಏನು ತಗೊಂಡೆ ಅಂತ ಕೇಳಲೇ ಇಲ್ಲ. ಬೆಂಗಳೂರಿನಲ್ಲಿ ಒಬ್ಬಳೇ ಮನೆ ಮಾಡಿ, ಜ್ವರ ಬಂದಾಗ ಒಬ್ಬಳೇ ಗಂಜಿ ಕಾಯಿಸಿಕೊಂಡವಳು. ಆ ಲೆಕ್ಕ ನಿನ್ನ ಹತ್ತಿರ ಇದೆ, ನನಗೆ ಗೊತ್ತಿಲ್ಲ.

ಇನ್ನೊಂದು ಹೇಳಬೇಕು. ಮರದ ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳು ಹಸಿ ಪದರ ನೆನಪಿದೆಯಾ? ಶಾಲೆಯಲ್ಲಿ ನೀನು ಚಿತ್ರ ಬರೆದಿದ್ದ ಕ್ಯಾಂಬಿಯಂ. ಅದೂ 'ಕಾಂಬಿಯೋ'ದ ದಾಯಾದಿ. ಆ ಪದರ ಒಳಗಡೆ ಹೊಸ ಕಟ್ಟಿಗೆ ಮಾಡುತ್ತದೆ, ಹೊರಗಡೆ ತೊಗಟೆಯ ಭಾಗ ಮಾಡುತ್ತದೆ. ಮರ ದಪ್ಪ ಆಗುವುದು ಅಲ್ಲಿಂದಲೇ. ಕಿತ್ತಳೆಗೆ ಕಸಿ ಕಟ್ಟುವಾಗ ಎರಡೂ ಕಡೆಯ ಈ ಪದರ ಒಂದಕ್ಕೊಂದು ತಾಗದಿದ್ದರೆ ಕಸಿ ಹಿಡಿಯುವುದಿಲ್ಲ. ಅಜ್ಜ ನಮ್ಮ ಹಿತ್ತಲಲ್ಲಿ ಕಟ್ಟಿದ ಕಸಿ ನೋಡು, ಗಂಟು ಈಗಲೂ ಕಾಣುತ್ತದೆ. ಈ ವರ್ಷವೂ ಕಾಯಿ ಬಿಟ್ಟಿದೆ.

ಬಸ್ಸಿಗೆ ಪಾರ್ಸೆಲ್ ಹಾಕಿದ್ದೇನೆ. ಕರಿಮೆಣಸು, ಅಮ್ಮ ಮಾಡಿದ ಉಪ್ಪಿನಕಾಯಿ, ಮನೆಯ ಕಾಫಿಪುಡಿ. ಬೆಲ್ಲ ಇಟ್ಟಿಲ್ಲ. ಡ್ರಾಯರಿನ ಮೂಲೆಯಲ್ಲಿ ನಾಲ್ಕಾಣೆ ಒಂದು ಸಿಕ್ಕಿತು, ಅದನ್ನೂ ಕವರಿನಲ್ಲಿ ಹಾಕಿದ್ದೇನೆ. 2011ರ ಜೂನ್ 30ಕ್ಕೆ ಅದರ ಚಲಾವಣೆ ನಿಂತಿತು. ಶಾಲೆಯಿಂದ ಬಂದ ಕೂಡಲೇ ಅಂಥದ್ದೇ ಒಂದನ್ನು ಗಲ್ಲಾಪೆಟ್ಟಿಗೆಗೆ ಹಾಕಿ ಕಡ್ಲೆಮಿಠಾಯಿ ತಗೊಳ್ಳುತ್ತಿದ್ದೆ, ನೆನಪಿದೆಯಾ?

ಮುಂದಿನ ಸಲ ಬಂದಾಗ ಕಾಫಿ ನೀನೇ ಮಾಡು. ನಿನ್ನ ರೀತಿಯದ್ದನ್ನು ನಾನೂ ಕುಡಿದು ನೋಡುತ್ತೇನೆ.

ನಿನ್ನ ಅಪ್ಪ