ಮೇಲ್ಮನವಿಗೆ ಮೊದಲು ಮಹಜರು ನೆಟ್ಟಗಾಗಲಿ

ಮಾನ್ಯ ಸಂಪಾದಕರೇ,

ವಿದೇಶಿ ಅಡಿಕೆ ಸಾಗಣೆ ಪ್ರಕರಣದ ಖುಲಾಸೆಯನ್ನು ಪ್ರಶ್ನಿಸಿ ಸರ್ಕಾರ ಹೈಕೋರ್ಟಿಗೆ ಹೋಗಿರುವ ಬಗ್ಗೆ ನಿಮ್ಮ ಜಿಲ್ಲಾ ಪುಟದಲ್ಲಿ ಸೋಮವಾರ ಬಂದ ವರದಿಯನ್ನು ಓದಿದೆ. ಆ ಅಡಿಕೆಯ ಲಾರಿಯನ್ನು ಹಿಡಿದ ರಾತ್ರಿ, ಸ್ಥಳದಲ್ಲಿ ನಡೆದದ್ದನ್ನು ಬರೆದಿಡುವ ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ ಇಬ್ಬರು ಪಂಚರಲ್ಲಿ ನಾನೂ ಒಬ್ಬ. ವರದಿ ಬಂದ ಮರುದಿನವೇ ಅಧಿಕಾರಿಯೊಬ್ಬರು ಫೋನ್ ಮಾಡಿ, ಕಡತದಲ್ಲಿರುವ ಮಹಜರಿನ ಅಕ್ಷರ ಓದಲಾಗುತ್ತಿಲ್ಲ, ನಿಮ್ಮಲ್ಲಿ ಪ್ರತಿ ಇದ್ದರೆ ಶಿವಮೊಗ್ಗಕ್ಕೆ ತಂದುಕೊಡಿ ಎಂದು ಕೇಳಿದರು. ಆ ಕಾಗದದ ಪ್ರತಿಯನ್ನು ನನಗೆ ಯಾರೂ ಯಾವತ್ತೂ ಕೊಟ್ಟಿಲ್ಲ. ಅವರೇ ಬರೆದು ಅವರೇ ಇಟ್ಟುಕೊಂಡ ಕಾಗದವನ್ನು ನಾನು ಎಲ್ಲಿಂದ ತರಲಿ?

ಅಂದು ನಾನು ಎರಡು ಚೀಲ ರಾಶಿ ಇಡಿ ಅಡಿಕೆ ಮಾರಿ ಮನೆಗೆ ಹೊರಟವನು. ದಾರಿಯಲ್ಲಿ ನಿಲ್ಲಿಸಿ ಸಾಕ್ಷಿಗೆ ಬೇಕು ಎಂದರು, ಬೆಳೆಗಾರನಾಗಿ ಒಪ್ಪಿಕೊಂಡೆ. ಲಾರಿಯ ಚೀಲಗಳನ್ನು ಎಣಿಸಿದ್ದನ್ನು ಕಂಡೆ. ಆದರೆ ಮಾದರಿ ತೆಗೆದದ್ದನ್ನಾಗಲಿ, ಅದಕ್ಕೆ ಅರಗಿನ ಮುದ್ರೆ ಹಾಕಿದ್ದನ್ನಾಗಲಿ ಕಾಣಲಿಲ್ಲ. ಹತ್ತೂವರೆಗೆ ಬರೆದು ಸಿದ್ಧವಾಗಿದ್ದ ಹಾಳೆಗಳಿಗೆ ಸಹಿ ಹಾಕಿಸಿಕೊಂಡು ಕಳುಹಿಸಿದರು. ತೀರ್ಥಹಳ್ಳಿಯ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿತ್ತು, ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದೆ.

ಅದಾದ ಮೇಲೆ ಬೆಂಗಳೂರಿನ ನ್ಯಾಯಾಲಯದಿಂದ ಸಮನ್ಸ್ ಬಂದದ್ದು ಮೂರು ಸಲ. ಮೊದಲ ಸಲ ತನಿಖಾಧಿಕಾರಿಗೆ ವರ್ಗವಾಗಿದೆ ಎಂದು, ಎರಡನೆಯ ಸಲ ಕಡತ ಬಂದಿಲ್ಲ ಎಂದು ತಾರೀಕು ಮುಂದಕ್ಕೆ ಹೋಯಿತು. ಎರಡೂ ಸಲ ತೋಟದಲ್ಲಿ ಅಡಿಕೆ ಗೊನೆಗಳ ಕೊಯ್ಲು ನಡೆಯುತ್ತಿತ್ತು. ಮರ ಹತ್ತಿ ಗೊನೆ ಕೊಯ್ಯುವ, ಸಿಕ್ಕುವುದೇ ಕಷ್ಟವಾದ ಕೊನೆಗಾರನನ್ನು ವಾಪಸು ಕಳುಹಿಸಿ ರಾತ್ರಿ ರೈಲು ಹತ್ತಿದ್ದೆ. ಸುಲಿಯದೆ ಬಿಟ್ಟ ಗೊನೆಗಳು ಅಂಗಳದಲ್ಲೇ ಹಣ್ಣಾದವು. ಭತ್ಯೆ ಕೊಡುತ್ತೇವೆ ಎಂದು ಬರೆಸಿಕೊಂಡ ಅರ್ಜಿ ಏನಾಯಿತೆಂದು ಇಂದಿಗೂ ಗೊತ್ತಿಲ್ಲ. ಮೂರನೆಯ ಸಲ ಪಾಟಿ ಸವಾಲಿನಲ್ಲಿ, ಮಾದರಿಗೆ ನಿಮ್ಮೆದುರೇ ಮುದ್ರೆ ಹಾಕಿದರೇ ಎಂದು ಕೇಳಿದಾಗ ಇಲ್ಲ ಎಂದೆ. ಕಾಣದ್ದನ್ನು ಕಂಡೆ ಎನ್ನಲಾರೆ.

ತೀರ್ಪಿನಲ್ಲಿರುವುದೂ ಇಷ್ಟೇ. ಕಸ್ಟಮ್ಸ್ ಕಾಯ್ದೆ 1962ರ 123ನೇ ಕಲಮಿನಂತೆ ಚಿನ್ನ, ಕೈಗಡಿಯಾರ ಮತ್ತು ಸರ್ಕಾರ ಅಧಿಸೂಚಿಸಿದ ಸರಕುಗಳ ವಿಷಯದಲ್ಲಿ ಮಾತ್ರ, ಅದು ಕಳ್ಳಸಾಗಣೆಯದಲ್ಲ ಎಂದು ತೋರಿಸುವ ಹೊಣೆ ಸರಕು ಇಟ್ಟುಕೊಂಡವನ ಮೇಲಿದೆ. ಅಡಿಕೆ ಆ ಪಟ್ಟಿಯಲ್ಲಿ ಇಲ್ಲದ ಕಾರಣ, ಅದು ಹೊರದೇಶದ್ದು ಎಂದು ಇಲಾಖೆಯೇ ರುಜುವಾತು ಮಾಡಬೇಕಿತ್ತು. ಮುದ್ರೆಯಿಲ್ಲದ ಮಾದರಿಯನ್ನು ಹಿಡಿದುಕೊಂಡು ಏನನ್ನು ರುಜುವಾತು ಮಾಡುತ್ತಾರೆ?

ಆರೋಪಿಗಳ ಪರವಾಗಿ ನಾನು ಬರೆಯುತ್ತಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಇದ್ದೆ. ಕಳ್ಳ ಅಡಿಕೆ ನಮ್ಮ ರಾಶಿಯೊಡನೆ ಬೆರೆತು ದರ ಬಿದ್ದರೆ, ಕೊಳೆ ರೋಗ, ಎಲೆಚುಕ್ಕಿ ರೋಗಗಳಿಂದ ಉಳಿದ ಬೆಳೆಯೂ ಸಾಲಕ್ಕೆ ಸಾಲುವುದಿಲ್ಲ. ಹಿಡಿದವರು ನೆಟ್ಟಗೆ ಹಿಡಿಯಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು. ಎಲೆಚುಕ್ಕಿಯ ಸಮೀಕ್ಷೆಗೆಂದು ನಮ್ಮೂರಿಗೆ ಬಂದವರೂ ತೋಟಕ್ಕಿಳಿಯದೆ ರಸ್ತೆಯ ಅಂಚಿನಲ್ಲೇ ನಿಂತು ವರದಿ ಬರೆದುಕೊಂಡು ಹೋದರು. ಇದೂ ಅದೇ ಚಾಳಿ.

ಇಂಥ ಪ್ರಕರಣದಲ್ಲಿ ಖುಲಾಸೆಯಾದರೆ ದೂರು ಕೊಟ್ಟ ಅಧಿಕಾರಿ ಆರು ತಿಂಗಳೊಳಗೆ ಹೈಕೋರ್ಟಿನ ವಿಶೇಷ ಅನುಮತಿ ಕೋರಬೇಕು. ಇಲ್ಲಿ ವರ್ಷ ದಾಟಿದ ಮೇಲೆ, ವಿಳಂಬವನ್ನು ಮನ್ನಿಸಿ ಎಂಬ ಅರ್ಜಿಯೊಡನೆ ಹೋಗಿದ್ದಾರೆ. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ ಸುಪ್ರೀಂ ಕೋರ್ಟು, ವಜಾ ಆಯಿತು ಎಂಬ ಪ್ರಮಾಣಪತ್ರ ಪಡೆದು ಕಡತ ಮುಚ್ಚಲು, ತಪ್ಪು ಮಾಡಿದ ಅಧಿಕಾರಿಗಳನ್ನು ಉಳಿಸಲು ಇಂಥ ಅರ್ಜಿಗಳು ಬರುತ್ತಿವೆ ಎಂದು ಖಂಡಿಸಿ 25,000 ರೂಪಾಯಿ ದಂಡ ಹಾಕಿತ್ತು. ಎರಡು ಅಭಿಪ್ರಾಯಗಳಿಗೆ ಅವಕಾಶವಿದ್ದರೆ ಖುಲಾಸೆಯನ್ನು ಕದಲಿಸಬಾರದೆಂದು ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ ಅದೇ ನ್ಯಾಯಾಲಯ 2007ರಲ್ಲಿ ಹೇಳಿದೆ. ಹೈಕೋರ್ಟು ನೋಡುವುದು ಸಾಮಾನ್ಯವಾಗಿ ಕೆಳಗಿನ ಕೋರ್ಟಿನಲ್ಲಿ ದಾಖಲಾದ ಸಾಕ್ಷ್ಯವನ್ನೇ. ಅಂದು ಹಾಕದ ಮುದ್ರೆಯನ್ನು ಇಂದು ಯಾವ ವಕೀಲರು ಹಾಕಿಯಾರು?

ಆದ್ದರಿಂದ ಸಂಬಂಧಪಟ್ಟವರು ಮೇಲ್ಮನವಿಯನ್ನು ನಡೆಸುವುದಾದರೆ ಮನಸ್ಸಿಟ್ಟು ನಡೆಸಲಿ, ಇಲ್ಲವಾದರೆ ಹಿಂದಕ್ಕೆ ಪಡೆದು ಆ ಮಹಜರು ಬರೆದವರನ್ನು ಮೊದಲು ವಿಚಾರಿಸಲಿ. ಮುಂದೆ ಲಾರಿ ಹಿಡಿಯುವಾಗಲಾದರೂ ಪಂಚರ ಕಣ್ಣೆದುರೇ ಮುದ್ರೆ ಹಾಕಿ, ಅವರ ಕೈಗೊಂದು ಪ್ರತಿ ಕೊಡುವಷ್ಟು ನಾಚಿಕೆ ಇರಲಿ. ನನಗೆ ಕೊಡದ ಕಾಗದವನ್ನು ಕೇಳಿಕೊಂಡು ನನಗೆ ಮತ್ತೆ ಫೋನ್ ಮಾಡುವುದು ಬೇಡ.

ಇಂತಿ,
ಓರ್ವ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು