ಯುರಾಲಜಿಸ್ಟ್ ಆಗೋಕೆ ಹನ್ನೊಂದೂವರೆ ವರ್ಷ

ಸಂಪಾದಕರೇ,
ಅಪ್ಪನಿಗೆ ರಾತ್ರೋರಾತ್ರಿ ಮೂತ್ರ ಕಟ್ಟಿಕೊಂಡು ಒದ್ದಾಡಿದಾಗ ನಮ್ಮೂರ ಆಸ್ಪತ್ರೇಲಿ ಪೈಪ್ ಹಾಕಿ, ಮೂತ್ರಕೋಶದ ಕೆಳಗಿರೋ ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಯುರಾಲಜಿಸ್ಟ್ (ಮೂತ್ರಾಂಗಗಳ ಸರ್ಜನ್) ಹತ್ರ ಹೋಗಿ ಅಂದ್ರು, ಆದ್ರೆ ಸುತ್ತಮುತ್ತ ಎಲ್ಲೂ ಒಬ್ಬರೂ ಇರ್ಲಿಲ್ಲ, ಕೊನೆಗೆ ಬೆಂಗಳೂರಿನ ಬಸ್ಸೇ ಹತ್ತಬೇಕಾಯ್ತು.

ಆಮೇಲೆ ಗೊತ್ತಾಗಿದ್ದು, ಒಬ್ಬ ಯುರಾಲಜಿಸ್ಟ್ ಆಗೋಕೆ ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ 5.5 ವರ್ಷ, ಜನರಲ್ ಸರ್ಜರಿಯಲ್ಲಿ ಎಂಎಸ್ ಅನ್ನೋ ಸ್ನಾತಕೋತ್ತರ ಪದವಿ 3 ವರ್ಷ, ಮತ್ತೆ ನೀಟ್ ಎಸ್ಎಸ್ ಅನ್ನೋ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ಬರೆದು ಯುರಾಲಜಿಯಲ್ಲಿ ಎಂಸಿಎಚ್ ಪದವಿ 3 ವರ್ಷ. ಪ್ರತಿ ಸಲವೂ ಮೊದಲನೇ ಪ್ರಯತ್ನದಲ್ಲೇ ಸೀಟ್ ಸಿಕ್ಕಿದ್ರೆ ಮಾತ್ರ ಈ ಲೆಕ್ಕ! ಕ್ಯಾನ್ಸರ್, ಕಿಡ್ನಿ ಕಸಿ, ರೋಬೋಟಿಕ್ ಸರ್ಜರಿ ಅಂತ ಫೆಲೋಶಿಪ್ (ಹೆಚ್ಚಿನ ತರಬೇತಿ) ಮಾಡೋರಿಗೆ ಇನ್ನೂ ಒಂದೆರಡು ವರ್ಷ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಮುಗಿಸಿ ನೇರವಾಗಿ 5-6 ವರ್ಷದ ಯುರಾಲಜಿ ರೆಸಿಡೆನ್ಸಿಗೇ (ಆಸ್ಪತ್ರೆಯಲ್ಲಿದ್ದು ಕಲಿಯೋ ತರಬೇತಿ) ಸೇರ್ತಾರಂತೆ, ಮೊದಲು ಸ್ವಲ್ಪ ದಿನ ಜನರಲ್ ಸರ್ಜರಿ ಅದರೊಳಗೇ ಬರುತ್ತೆ.

ತರಬೇತಿ ಕಮ್ಮಿ ಮಾಡಿ ಅಂತ ನಾನು ಹೇಳ್ತಿಲ್ಲ. ಮೂತ್ರನಾಳದೊಳಗೆ ದುರ್ಬೀನು (ಸ್ಕೋಪು) ತೂರಿಸಿ ಪ್ರೋಸ್ಟೇಟ್ ಕೆರೆಯೋದು, ಲೇಸರ್‌ನಲ್ಲಿ ಕಲ್ಲು ಪುಡಿ ಮಾಡೋದು ಪುಸ್ತಕ ಓದಿ ಬರೋದಲ್ಲ, ಸೀನಿಯರ್ ಪಕ್ಕದಲ್ಲಿ ನಿಂತೇ ಕೈ ಪಳಗಬೇಕು. ಆದ್ರೆ ಆ ಕೈ ಪಳಗೋ ಜಾಗ ಬೆಂಗಳೂರೇ ಯಾಕಾಗಬೇಕು? ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ (ಕಿಡ್ನಿ, ಮೂತ್ರಾಂಗ ಚಿಕಿತ್ಸೆ) ಸಂಸ್ಥೆ ಥರದ್ದು ಕಲಬುರಗಿ, ರಾಯಚೂರು ಕಡೆಗೂ ಬರ್ಲಿ, ಆ ಬಿಸಿಲಲ್ಲಿ ಬೆವರು ಹರಿಸಿ ನೀರು ಕುಡಿಯದೆ ದುಡಿಯೋರಿಗೆ ಕಿಡ್ನಿ ಕಲ್ಲು ಸುಲಭವಾಗಿ ಆಗುತ್ತೆ. ಅಲ್ಲಿವರೆಗೂ ಎಂಸಿಎಚ್ ವಿದ್ಯಾರ್ಥಿಗಳನ್ನ ಸೀನಿಯರ್ ಜೊತೆ ಮೂರ್ನಾಲ್ಕು ತಿಂಗಳಾದ್ರೂ ಜಿಲ್ಲಾಸ್ಪತ್ರೆಗೆ ಕಳಿಸಿ, ಸ್ಕೋಪು ಲೇಸರ್ ಮೆಷಿನ್ನು ಮೊದಲೇ ಕಳಿಸಿರಿ ಮತ್ತೆ.

- ಓದುಗ, ಸಿಂಧನೂರು