ಈ ಭಾನುವಾರ ಸೋಫಿ ಜರ್ಮೇನ್ ಬಗ್ಗೆ ಮಾತಾಡೋಣ

ಮಕ್ಕಳೇ, ಈ ವಾರ ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್ ಕಥೆ. ಹುಟ್ಟಿದ್ದು 1776ರಲ್ಲಿ, ಪ್ಯಾರಿಸ್‌ನಲ್ಲಿ. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಮನೆಯಿಂದ ಹೊರಗೆ ಹೋಗೋ ಹಾಗಿರಲಿಲ್ಲ, ಅಪ್ಪನ ಪುಸ್ತಕಗಳನ್ನು ಓದುತ್ತಾ ಓದುತ್ತಾ ಹುಡುಗಿಗೆ ಗಣಿತದ ಹುಚ್ಚು ಹಿಡಿಯಿತು. 1794ರಲ್ಲಿ ಪ್ಯಾರಿಸ್‌ನಲ್ಲಿ ಎಕೋಲ್ ಪಾಲಿಟೆಕ್ನಿಕ್ ಅನ್ನೋ ಕಾಲೇಜು ಶುರುವಾಯಿತು, ಆದರೆ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ. ಸೋಫಿ ಬಿಡಲಿಲ್ಲ. ಪಾಠದ ನೋಟ್ಸ್ ತರಿಸಿಕೊಂಡು ಓದಿ, ಲೆಬ್ಲಾಂಕ್ ಅನ್ನೋ ಗಂಡಸಿನ ಹೆಸರಲ್ಲಿ ಅಲ್ಲಿ ಪಾಠ ಮಾಡುತ್ತಿದ್ದ ಗಣಿತಜ್ಞ ಲಗ್ರಾಂಜ್ ಅವರಿಗೆ ಬರೆದು ಕಳಿಸಿದಳು. ಮುಂದೆ ಜರ್ಮನಿಯ ಗಣಿತಜ್ಞ ಗೌಸ್ ಜೊತೆಗೂ ಅದೇ ಹೆಸರಲ್ಲಿ ಪತ್ರವ್ಯವಹಾರ! ನಿಜ ಗೊತ್ತಾದ ಮೇಲೆ 1807ರಲ್ಲಿ ಗೌಸ್ ಅವಳ ಧೈರ್ಯವನ್ನು ಮನಸಾರೆ ಹೊಗಳಿ ಬರೆದರು. ಆ ಪತ್ರ ನನಗೆ ತುಂಬಾ ಇಷ್ಟ.

ಇನ್ನೊಂದು ವಿಷಯ. ಲೋಹದ ತಟ್ಟೆಯ ಮೇಲೆ ಸಣ್ಣ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ತಾನಾಗಿ ಸರಿದು ರಂಗೋಲಿಯ ಹಾಗೆ ಗೆರೆಗಳಲ್ಲಿ ನಿಲ್ಲುತ್ತದೆ. ಅಲುಗಾಡದ ಜಾಗದಲ್ಲಿ ಮಾತ್ರ ಮರಳು ಉಳಿಯುತ್ತೆ, ಅಷ್ಟೇ. ಇದರ ಹಿಂದಿನ ಗಣಿತಕ್ಕೆ ಸೋಫಿ ಮೂರು ಸಲ ಪ್ರಬಂಧ ಕಳಿಸಿ, ಮೂರನೇ ಸಲ, 1816ರಲ್ಲಿ, ಪ್ಯಾರಿಸ್ ವಿಜ್ಞಾನ ಅಕಾಡೆಮಿಯ ಬಹುಮಾನ ಗೆದ್ದಳು. ಎರಡು ಸಲ ಸಿಗದಿದ್ದರೂ ಮತ್ತೆ ಕೂತು ತಿದ್ದಿದಳಲ್ಲ, ಅದನ್ನು ಭಾನುವಾರ ಜಾಸ್ತಿ ಮಾತಾಡೋಣ.

ಬರೋ ಮುಂಚೆ ಒಂದು ಲೆಕ್ಕ ಮಾಡಿ. 11 ಅವಿಭಾಜ್ಯ ಸಂಖ್ಯೆ ಅಲ್ವಾ? ಎರಡರಿಂದ ಗುಣಿಸಿ 1 ಕೂಡಿಸಿ, 23 ಬರುತ್ತದೆ, ಅದೂ ಅವಿಭಾಜ್ಯ. 7ಕ್ಕೆ ಹೀಗೆ ಮಾಡಿದರೆ 15, ಆಗಲ್ಲ. 11ರಂಥವಕ್ಕೆ ಸೋಫಿ ಹೆಸರೇ ಇದೆ, ಫರ್ಮಾನ ಕೊನೆಯ ಪ್ರಮೇಯ ಅನ್ನೋ ಪ್ರಸಿದ್ಧ ಗಣಿತ ಸಮಸ್ಯೆಯ ಕೆಲಸದಲ್ಲಿ ಅವಳು ಇವನ್ನು ಬಳಸಿದ್ದಳು. 100ರೊಳಗೆ ಇಂಥವು ಒಟ್ಟು 10 ಇವೆ. ಫೋನ್ ನೋಡದೆ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.